ದಾರಿಯ ಭಯ, ಊರಿನ ಹೊಣೆ

ಸರಕಿನ ಗಾಡಿ ಹೊಡೆದುಕೊಂಡು ಹೊರಟ ವರ್ತಕನನ್ನು ಎರಡು ಊರುಗಳ ನಡುವೆ ಕಳ್ಳರು ದೋಚಿದರೆ ಆ ನಷ್ಟವನ್ನು ತುಂಬಿಕೊಡತಕ್ಕವರು ಯಾರು? ಇಂದು ಕೇಳಿದರೆ ವಿಮಾ ಕಂಪನಿಯೆಂದು ಕೆಲವರು ಹೇಳಿಯಾರು. ಅವನ ಹಣೆಬರಹವೆಂದು ಉಳಿದವರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಬೇರೊಂದು ಉತ್ತರವಿದೆ. ಆ ಗ್ರಂಥದ ಓಲೆಗರಿಯ ಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದು, ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಸಂಗತಿ ನಮ್ಮ ನಾಡಿನವರಿಗೆ ಹೊಸದಲ್ಲ. ಗೂಢಚಾರರು, ಸಂಧಿ ವಿಗ್ರಹಗಳು, ಬೊಕ್ಕಸ ಇವುಗಳ ವಿಷಯವಾಗಿ ಆ ಪುಸ್ತಕದಿಂದ ಎಷ್ಟೋ ಮಾತುಗಳನ್ನು ಎತ್ತಿ ಆಡಿದ್ದಾಗಿದೆ. ದಾರಿಹೋಕನ ವಿಷಯವಾಗಿ ಅದರಲ್ಲಿರುವ ನಾಲ್ಕಾರು ಸಾಲುಗಳನ್ನು ಮಾತ್ರ ಓದುವವರು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ.

ಅಲ್ಲಿರುವ ಏರ್ಪಾಡು ಹೀಗೆ: ವರ್ತಕರ ತಂಡವು ಒಂದು ಊರಿನಲ್ಲಿ ತಂಗುವಾಗ ತಮ್ಮಲ್ಲಿರುವ ಸರಕು ಏನು, ಅದರ ಬೆಲೆ ಎಷ್ಟು ಎಂಬುದನ್ನು ಮೊದಲು ತಿಳಿಸಬೇಕು. ರಾತ್ರಿ ಊರು ಬಿಟ್ಟು ಹೋಗದ ಸರಕೇನಾದರೂ ಕಳುವಾದರೆ ಊರಿನ ಮುಖ್ಯಸ್ಥನೇ ತುಂಬಿಕೊಡಬೇಕು. ಊರು ಊರುಗಳ ನಡುವೆ ಕಳುವಾದರೆ ಹುಲ್ಲುಗಾವಲುಗಳ ಅಧಿಕಾರಿ ಕೊಡಬೇಕು. ಹುಲ್ಲುಗಾವಲಿಲ್ಲದ ಕಡೆ ಕಳ್ಳರನ್ನು ಹಿಡಿಯಲೆಂದೇ ನೇಮಕವಾದ ಚೋರರಜ್ಜುಕನೆಂಬವನು ಹೊಣೆ. ಅವನೂ ಇಲ್ಲದ ಕಡೆ ಆ ಎಲ್ಲೆಯ ಜನ ಕೂಡಿ ಕೊಡತಕ್ಕದ್ದು. ಎಲ್ಲೆಯಲ್ಲಿ ಜನವೇ ಇಲ್ಲದಿದ್ದರೆ ಸುತ್ತಣ ಐದು ಹಳ್ಳಿಯೋ ಹತ್ತು ಹಳ್ಳಿಯೋ ಸೇರಿ ಕೊಡತಕ್ಕದ್ದು. ನೋಡಿ, ಯಾರ ಹೊಣೆಗೂ ಸೇರದ ಒಂದು ಗೇಣು ದಾರಿಯನ್ನೂ ಕೌಟಿಲ್ಯ ಉಳಿಸಿಲ್ಲ. ಶಾಸ್ತ್ರ ಬೇರೆ, ನಡೆವಳಿಕೆ ಬೇರೆ. ಓಲೆಗರಿಯ ಮೇಲೆ ಬರೆದದ್ದೆಲ್ಲ ರಸ್ತೆಯ ಮೇಲೆ ನಡೆಯಿತೆಂದು ನಂಬಬೇಕಾಗಿಲ್ಲ. ಆದರೂ ಲೆಕ್ಕಾಚಾರ ಗಟ್ಟಿಯಾದದ್ದು. ಬಂದವನು ತಾನು ಯಾರು, ಏನು ತಂದಿದ್ದೇನೆಂದು ಹೇಳಬೇಕು. ಹೇಳಿದಮೇಲೆ ಊರು ಅವನಿಗೆ ಹೊಣೆಯಾಗಬೇಕು.

ಇಂಥ ಯೋಚನೆ ನಮ್ಮ ದೇಶಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1285ರಲ್ಲಿ ವಿಂಚೆಸ್ಟರಿನ ಶಾಸನವೆಂದು ಹೆಸರಾದ ಒಂದು ಕಾಯಿದೆಯಾಯಿತು. ಕಳ್ಳರನ್ನು ಹಿಡಿದುಕೊಡದಿದ್ದರೆ ಆ ಭಾಗದ ಜನವೆಲ್ಲ ನಷ್ಟಕ್ಕೆ ಉತ್ತರವಾದಿಗಳೆಂದು ಅದರಲ್ಲಿ ವಿಧಿಸಿದರು. ಸಂತೆಯೂರುಗಳ ನಡುವಣ ಹೆದ್ದಾರಿಯ ಎರಡು ಮಗ್ಗುಲಲ್ಲೂ 200 ಅಡಿಯವರೆಗೆ ಪೊದೆ ಹಳ್ಳ ಯಾವುದೂ ಇರಕೂಡದೆಂದೂ ಹೇಳಿದರು. ಹೊಂಚುಹಾಕುವವನಿಗೆ ಮರೆ ಸಿಕ್ಕಕೂಡದು, ಅಷ್ಟೇ.

ನಮ್ಮ ಸೀಮೆಗೆ ಬರೋಣ. ಮೈಸೂರು ಸೀಮೆಯ ಹಳ್ಳಿಯಲ್ಲಿ ಹನ್ನೆರಡು ಆಯಗಾರರಿದ್ದರೆಂಬುದು ಹಿರಿಯರ ಬಾಯಲ್ಲಿ ಇಂದಿಗೂ ಇರುವ ಮಾತು. ಗೌಡ, ಶಾನುಭೋಗ, ನೀರಗಂಟಿ ಮೊದಲಾದವರ ಜೊತೆಗೆ ತಳವಾರ, ತೋಟಿ ಎಂಬ ಇಬ್ಬರಿದ್ದರು. ತಳವಾರನನ್ನು ಕೆಲವು ಕಡೆ ತಳಾರಿ ಎನ್ನುವರು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿಯಲ್ಲಿ ದಕ್ಷಿಣದ ಹಳ್ಳಿಗಳ ಈ ಇಬ್ಬರ ಕೆಲಸವನ್ನು ಬಿಡಿಸಿ ಹೇಳಿದೆ. ತೋಟಿಯ ಕೆಲಸ ಹೆಚ್ಚಾಗಿ ಊರೊಳಗಿನದು. ಪೈರು ಕಾಯುವುದು, ಅಳತೆಗೆ ನೆರವಾಗುವುದು. ತಳಾರಿಯ ಕೆಲಸದ ಹರವು ಇನ್ನೂ ದೊಡ್ಡದು. ಅಪರಾಧಗಳ ಸುಳಿವು ಹಿಡಿಯುವುದು ಒಂದು. ಒಂದೂರಿನಿಂದ ಇನ್ನೊಂದೂರಿಗೆ ಹೋಗುವವರ ಜೊತೆಯಲ್ಲಿ ನಡೆದು ಅವರನ್ನು ಕಾಪಾಡುವುದು ಇನ್ನೊಂದು. ಇದಕ್ಕೆ ಅವನಿಗೆ ಇನಾಮು ಭೂಮಿ ಉಂಟು, ಸುಗ್ಗಿಯ ಕಣದಲ್ಲಿ ಆಯ ಉಂಟು. ಪ್ರಯಾಣಿಕನನ್ನು ಕಾಯುವುದು ಒಬ್ಬನ ದೊಡ್ಡ ಮನಸ್ಸಿಗೆ ಬಿಟ್ಟ ಪುಣ್ಯಕಾರ್ಯವಾಗಿರಲಿಲ್ಲ, ಕಾಳು ಅಳೆದು ಕೊಟ್ಟು ನಡೆಸುತ್ತಿದ್ದ ಉದ್ಯೋಗವಾಗಿತ್ತು. ಕಾವಲುಗಾರನೇ ಕಳ್ಳನ ಜೊತೆ ಪಾಲುಗಾರನಾದ ಕಥೆಗಳೂ ಇವೆ, ಇಲ್ಲವೆನ್ನುವಂತಿಲ್ಲ. ಹಾಗಾದಾಗ ಜನಕ್ಕೆ ಹಿಡಿದು ಕೇಳಲು ಒಬ್ಬ ಮನುಷ್ಯನಾದರೂ ಇರುತ್ತಿದ್ದ.

1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನ ಪ್ರವಾಸ ಗ್ರಂಥವನ್ನು ತೆರೆದರೆ ಮಣ್ಣುಗೋಡೆಯ, ಮುಳ್ಳುಬೇಲಿಯ ಹಳ್ಳಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಊರಿಗೆ ಗೋಡೆಯುಂಟು, ದಾರಿಗೆ ಗೋಡೆಯೆಲ್ಲಿ? ಆದಕಾರಣ ದಾರಿಯನ್ನೇ ಜೀವನ ಮಾಡಿಕೊಂಡವರು ತಮ್ಮ ಗೋಡೆಯನ್ನು ತಾವೇ ಹೊತ್ತುಕೊಂಡು ತಿರುಗುತ್ತಿದ್ದರು. ಅಯ್ಯಾವೊಳೆ ಐನೂರ್ವರೆಂದು ಶಾಸನಗಳಲ್ಲಿ ಬಿರುದು ಹೊಗಳಿಸಿಕೊಂಡ ವರ್ತಕ ಸಂಘದವರು ಆಯುಧ ಹಿಡಿದ ಕಾವಲಿನವರನ್ನು ತಾವೇ ಇಟ್ಟುಕೊಂಡಿದ್ದರು. ಐಹೊಳೆಯ ಹೆಸರನ್ನು ತಮಿಳುನಾಡಿನಾಚೆ ಸಿಂಹಳದವರೆಗೆ ಒಯ್ದ ಜನ ಅವರು.

ಲಂಬಾಣಿಗರ ಉಪಾಯ ಇನ್ನೂ ಸರಳ, ಇನ್ನೂ ಚೆಂದ. ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊರಿಸಿಕೊಂಡು ನೂರಾರು ಮೈಲಿ ನಡೆಯುತ್ತಿದ್ದ ಈ ಜನ ಸಂಜೆ ಬೀಡು ಬಿಟ್ಟಾಗ ಎತ್ತಿನ ಬೆನ್ನಿನಿಂದ ಇಳಿಸಿದ ಚೀಲಗಳನ್ನೇ ಸುತ್ತಲೂ ಒಟ್ಟಿ ಗೋಡೆ ಕಟ್ಟುವರು. ಆಚೆ ನಾಯಿಗಳ ಕಾವಲು. ತಾಂಡಾಕ್ಕೆ ಒಬ್ಬ ನಾಯಕ, ಅವನ ಮಾತೇ ಆಜ್ಞೆ. 1791-92ರಲ್ಲಿ ಕಾರ್ನ್‌ವಾಲೀಸನು ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ದಂಡಿಗೆ ದವಸ ಒದಗಿಸಿದವರಲ್ಲಿ ಇವರೂ ಇದ್ದರು. ಯುದ್ಧದ ನಡುವೆ, ಎರಡು ಪಕ್ಷದ ಸುಲಿಗೆಗಾರರ ನಡುವೆ ಎತ್ತು ಹೊಡೆದುಕೊಂಡು ಬರುವುದೆಂದರೆ ಅದು ಹುಡುಗಾಟದ ಮಾತಲ್ಲ. ಈಚಿನ ತಲೆಮಾರಿನ ಎತ್ತಿನ ಗಾಡಿಯವರಲ್ಲೂ ಇದರ ನೆರಳಿತ್ತು. ಸಂತೆಗೆ ರಾತ್ರಿ ಹೊರಟರೆ ಒಂಟಿ ಗಾಡಿ ಕಟ್ಟುತ್ತಿರಲಿಲ್ಲ. ಅಚ್ಚಿಗೆ ಲಾಂದ್ರ ತೂಗುಹಾಕಿ ಸಾಲುಗಟ್ಟಿ ಹೋಗುವರು. ಮುಂದಿನವನು ದಾರಿ ನೋಡಬೇಕು, ಹಿಂದಿನವನು ನಿದ್ದೆ ಮಾಡಕೂಡದು. ನಡುವಿನವರ ಎತ್ತುಗಳಿಗೆ ದಾರಿ ಗೊತ್ತು.

ಒಟ್ಟಾಗಿ ಹೋಗುವವನಿಗೆ ಭಯವಿಲ್ಲವೆಂಬ ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರು ಠಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಸೆರೆ ಸಿಕ್ಕಿದರು. ಇವರು ಬರಿಯ ಸುಲಿಗೆಯವರಲ್ಲ, ಕುಣಿಕೆ ಹಾಕಿ ಕೊಲ್ಲುವ ಒಂದು ಕಸುಬಿನವರು ಎಂಬುದು ಕಂಪನಿಯ ಅಧಿಕಾರಿಗಳಿಗೆ ಸ್ಪಷ್ಟವಾದದ್ದು 1807ರ ಹೊತ್ತಿಗೆ ಚಿತ್ತೂರು ಆರ್ಕಾಟುಗಳ ನಡುವೆ ಇನ್ನು ಕೆಲವರು ಸಿಕ್ಕಿದಮೇಲೆ. 1816ರಲ್ಲಿ ಮದ್ರಾಸಿನ ವೈದ್ಯ ರಿಚರ್ಡ್ ಷೆರ್ವುಡ್ ಇವರ ಬಗ್ಗೆ ಒಂದು ಲೇಖನ ಬರೆದು, ಕನ್ನಡದಲ್ಲಿ ಇವರಿಗಿದ್ದ ಹೆಸರನ್ನೂ ಕೊಟ್ಟಿದ್ದಾನೆ: ತಂತಿ ಕಳ್ಳರು. ಕೊರಳಿಗೆ ಬೀಳುವ ಕುಣಿಕೆಯಿಂದ ಬಂದ ಹೆಸರು. ಅಂದಮೇಲೆ ಇಂಗ್ಲಿಷಿನವರು ಕಂಡುಹಿಡಿಯುವುದಕ್ಕೆ ಮೊದಲೇ ನಮ್ಮ ಜನಕ್ಕೆ ಇವರ ಪರಿಚಯ ಚೆನ್ನಾಗಿಯೇ ಇತ್ತು. ಹೈದರಾಲಿ ಹಲವರನ್ನು ಕೊಲ್ಲಿಸಿದನೆಂದೂ, ಟಿಪ್ಪುವಿನ ಕಾಲದಲ್ಲಿ ಕೈಕಾಲು ಕಡಿಸುವ ಶಿಕ್ಷೆಯಾಯಿತೆಂದೂ, ದಿವಾನ್ ಪೂರ್ಣಯ್ಯನವರು ದಾರಿಗಳ್ಳತನಕ್ಕೆ ಮರಣದಂಡನೆ ವಿಧಿಸಿದರೆಂದೂ ಷೆರ್ವುಡ್ ಬರೆದಿದ್ದಾನೆ.

ಇವರ ಕ್ರಮವನ್ನು ಗಮನಿಸಬೇಕು. ಪೊದೆಯ ಮರೆಯಿಂದ ಹಾರಿ ಬೀಳುವವರಲ್ಲ ಇವರು. ನಯವಾಗಿ ಮಾತನಾಡುತ್ತ, ತಾವೂ ಅದೇ ದಾರಿಯವರೆಂದು ಹೇಳಿಕೊಂಡು, ದಾರಿಯಲ್ಲಿ ಕಳ್ಳರ ಭಯವಿದೆ, ಜೊತೆಯಾಗಿ ಹೋಗೋಣವೆಂದು ತಾವೇ ಎಚ್ಚರಿಕೆ ಹೇಳಿ ಒಡನಾಡಿಗಳಾಗುವರು. ಎರಡು ದಿನವೋ ನಾಲ್ಕು ದಿನವೋ ಕೂಡಿ ನಡೆದಮೇಲೆ ಕೆಲಸ ಮುಗಿಸಿ, ಹೆಣವನ್ನು ಹೂತುಬಿಡುವರು. ತಮ್ಮ ಊರಿನ ನೆರೆಯಲ್ಲಿ ಕೈಹಾಕುತ್ತಿರಲಿಲ್ಲ. ಅವರಿಗೆ ಬೇಕಾದವನು ದೂರದವನು: ಹೊರಟ ಊರಿನಲ್ಲಿ ತಲುಪಿರಬೇಕೆಂದು ತಿಳಿಯುವರು, ತಲುಪಬೇಕಾದ ಊರಿನಲ್ಲಿ ಇನ್ನೂ ಹೊರಟಿಲ್ಲವೆಂದು ತಿಳಿಯುವರು, ನಡುವಣ ಊರಿಗೆ ಅವನ ಪರಿಚಯವೇ ಇಲ್ಲ. ತಳಾರಿಯ ಕಾವಲಿನ ಸರಪಳಿ ಎಲ್ಲೆಲ್ಲಿ ಕಡಿದಿತ್ತೋ ಅಲ್ಲಲ್ಲಿ ಈ ಕಸುಬು ಬೆಳೆಯಿತು. ಹತ್ತಾರು ಪಾಳೆಯಪಟ್ಟುಗಳು ಕುಸಿದು, ದಂಡುಗಳು ಚದುರಿ, ಕೆಲಸವಿಲ್ಲದ ಸಿಪಾಯಿಗಳು ದಾರಿ ಹಿಡಿದ ಕಾಲ ಅದು.

ಹೆಚ್ಚಾಗಿ ಬಲಿಯಾದವರು ರಜದ ಮೇಲೆ ಊರಿಗೆ ಹೊರಟ ಸಿಪಾಯಿಗಳು. ಸೊಂಟದಲ್ಲಿ ಹಲವು ತಿಂಗಳ ಸಂಬಳ ಕಟ್ಟಿಕೊಂಡವರು. 1810ರ ಏಪ್ರಿಲಿನಲ್ಲಿ ಉತ್ತರ ಹಿಂದೂಸ್ಥಾನದ ಕಾನ್ಪುರದಿಂದ ಮೇಜರ್ ಜನರಲ್ ಸೇಂಟ್ ಲೆಜರನು ಅವರಿಗಾಗಿ ಒಂದು ಆಜ್ಞೆ ಹೊರಡಿಸಿದ. ಅದರ ಸಾರವಿಷ್ಟು: ದಾರಿಯಲ್ಲಿ ಗಂಟುಬೀಳುವ ಅಪರಿಚಿತರ ಜೊತೆ ಸೇರಬೇಡಿ, ಬೇಗ ಹೊರಡೋಣವೆಂದು ಅವರು ಅವಸರಪಡಿಸಿದರೂ ಬೆಳಕು ಹರಿಯುವ ಮೊದಲು ಹೊರಡಬೇಡಿ, ಅವರು ಕೊಟ್ಟ ತಿಂಡಿ, ಹೊಗೆಬತ್ತಿ, ಎಲೆಅಡಿಕೆ ಮುಟ್ಟಬೇಡಿ, ಅದರಲ್ಲಿ ದತ್ತೂರಿಯ ಬೀಜ ಬೆರೆತಿದ್ದೀತು, ಹಣವನ್ನು ಮೈಮೇಲೆ ಕಟ್ಟಿಕೊಂಡು ಹೋಗಬೇಡಿ, ಖಜಾನೆಗೆ ಕಟ್ಟಿ ಹುಂಡಿ ಬರೆಸಿಕೊಂಡು ನಿಮ್ಮ ಊರಿನ ಸಮೀಪದ ಖಜಾನೆಯಲ್ಲಿ ಪಡೆದುಕೊಳ್ಳಿ. ಇನ್ನೂರು ವರ್ಷ ಕಳೆದಿದೆ. ರೈಲಿನ ಡಬ್ಬಿಯಲ್ಲಿ ಅಂಟಿಸಿರುವ ಎಚ್ಚರಿಕೆಯ ಚೀಟಿಗೂ ಲಾರಿಯವರಿಗೆ ಮಾಲಿಕರು ಹೇಳುವ ಬುದ್ಧಿಮಾತಿಗೂ ಇದಕ್ಕೂ ಏನು ವ್ಯತ್ಯಾಸ! ಹುಂಡಿಯ ಬದಲು ಫೋನಿನಲ್ಲಿ ಹಣ ಕಳಿಸುತ್ತೇವೆ. ದತ್ತೂರಿಯ ಬದಲು ಬಿಸ್ಕತ್ತಿನಲ್ಲಿ ನಿದ್ದೆಯ ಮಾತ್ರೆ ಬಂದಿದೆ.

ಮುಂದಿನ ಕಥೆ ಬಹಳ ಮಂದಿಗೆ ಗೊತ್ತು. ವಿಲಿಯಂ ಸ್ಲೀಮನ್ನನು ಹಿಡಿದವರನ್ನೇ ಮಾಫಿಸಾಕ್ಷಿ ಮಾಡಿಕೊಂಡು ಉಳಿದವರನ್ನು ಹಿಡಿದ. ಠಕ್ಕರ ಗುಂಪಿಗೆ ಸೇರಿದ್ದನೆಂದು ರುಜುವಾತಾದರೆ ಸಾಕು, ಜೀವಾವಧಿ ಶಿಕ್ಷೆ ಎಂದು 1836ರಲ್ಲಿ ಕಾಯಿದೆಯಾಯಿತು. ಮುಂದೆ ಸುರಪುರದಲ್ಲಿ ಹತ್ತು ಹನ್ನೆರಡು ವರ್ಷ ಅಧಿಕಾರ ನಡೆಸಿ ಅಲ್ಲಿಯ ಜನರ ಪ್ರೀತಿ ಗಳಿಸಿದ ಮೆಡೋಸ್ ಟೇಲರ್, 1839ರಲ್ಲಿ ಠಕ್ಕನೊಬ್ಬನ ಆತ್ಮಕಥೆಯ ರೂಪದಲ್ಲಿ ಬರೆದ ಕಾದಂಬರಿ ಇಂಗ್ಲೆಂಡಿನ ಮನೆಮನೆಗಳಲ್ಲಿ ನಡುಕ ಹುಟ್ಟಿಸಿತು. ಕಾಳಿಯ ಹೆಸರಿನಲ್ಲಿ ನಡೆಯುತ್ತಿದ್ದ ಒಂದು ಅಖಿಲ ಭಾರತ ಗೂಢ ಮತವೆಂಬ ಚಿತ್ರ ಆಗ ಬರೆದದ್ದು. ಈಚಿನ ಇತಿಹಾಸಕಾರರು, ಮುಖ್ಯವಾಗಿ ಸ್ಟುವರ್ಟ್ ಗಾರ್ಡನ್ ಹಾಗೂ ಕಿಮ್ ವಾಗ್ನರ್, ಆ ಬಣ್ಣವನ್ನು ಬಹಳಷ್ಟು ಕೆರೆದು ತೆಗೆದಿದ್ದಾರೆ. ಕೊಲೆಗಳು ನಿಜ, ಗುಂಪುಗಳು ನಿಜ. ಮತದ ವೇಷ ಬಹುಪಾಲು ಕಂಪನಿಯ ಕಚೇರಿಯಲ್ಲಿ ಹೊಲಿದದ್ದು.

ಆ ಕಚೇರಿಯಲ್ಲಿ ಹೊಲಿದ ಇನ್ನೊಂದು ಅಂಗಿ ನಮ್ಮ ನಾಡಿನ ಕೆಲವರ ಮೈಗೆ ಬಹುಕಾಲ ಅಂಟಿಕೊಂಡಿತು. ಕಳ್ಳತನವೆಂಬುದು ಕೆಲವು ಕುಲಗಳ ಹುಟ್ಟುಗುಣವೆಂಬ ಯೋಚನೆಯಿಂದ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಉತ್ತರದಲ್ಲಿ ಬಂತು. 1911ರ ಕಾಯಿದೆಯಿಂದ ಮದ್ರಾಸು, ಮುಂಬಯಿ ಪ್ರಾಂತಗಳಿಗೂ ಹರಡಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳಾದವು. ಹುಬ್ಬಳ್ಳಿ, ಗದಗಿನವರು ಆ ಬಡಾವಣೆಗಳನ್ನು ಇಂದಿಗೂ ಅದೇ ಹೆಸರಿನಿಂದ ಗುರುತಿಸುತ್ತಾರೆ. ಸಿಕ್ಕಿಬಿದ್ದವರು ಯಾರು? ಕತ್ತೆ ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತರುತ್ತಿದ್ದ ಕೊರಚರು. ದಂಡಿಗೂ ನಾಡಿಗೂ ದವಸ ಹೊತ್ತ ಲಂಬಾಣಿಗರು. ಒಂದು ಕಡೆ ಉಪ್ಪಿನ ಮೇಲೆ ಸರ್ಕಾರದ ಹಿಡಿತ, ಇನ್ನೊಂದು ಕಡೆ ರೈಲು. ಎರಡೂ ಕೂಡಿ ಇವರ ಹೇರಿಗೆ ಬೆಲೆಯಿಲ್ಲದಂತೆ ಮಾಡಿದವು. ಸಾಮಾನು ಹೊತ್ತು ತಿರುಗುವಾಗ ವ್ಯಾಪಾರಿಗಳಾಗಿದ್ದವರು ಸಾಮಾನಿಲ್ಲದೆ ತಿರುಗುವಾಗ ಕಳ್ಳರೆನಿಸಿದರು. ಪಟ್ಟಿಯಲ್ಲಿ ಹೆಸರಿದ್ದವನು ಊರು ಬಿಡಬೇಕಾದರೆ ಚೀಟಿ ಬೇಕು. ಠಾಣೆಗೋ ಗೌಡನ ಬಳಿಗೋ ಹಾಜರಿ ಕೊಡಬೇಕು. ಬಂದವನು ಊರಿನವರಿಗೆ ಹೇಳಬೇಕೆಂಬ ಅರ್ಧ ಮಾತನ್ನು ಉಳಿಸಿಕೊಂಡು, ಊರು ಅವನಿಗೆ ಹೊಣೆಯೆಂಬ ಇನ್ನರ್ಧವನ್ನು ಕತ್ತರಿಸಿ ಹಾಕಿದರೆ ಕೌಟಿಲ್ಯನ ವಿಧಿ ಎಂಥ ರೂಪ ತಾಳುತ್ತದೆಂಬುದಕ್ಕೆ ಇದೇ ಉದಾಹರಣೆ. ಸ್ವತಂತ್ರ ಭಾರತ 1952ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಿತು. ಕಳ್ಳತನವಾದ ಮರುದಿನ ಊರಾಚೆಯ ಗುಡಾರದ ಕಡೆಗೆ ತಿರುಗುವ ಕಣ್ಣು ಮಾತ್ರ ಕಾಯಿದೆಯ ಜೊತೆ ಹೋಗಲಿಲ್ಲ.

ಮೋಟಾರು ಬಂದಮೇಲೆ ಇದೆಲ್ಲ ಹಳೆಯ ಪುರಾಣವಾಯಿತೆಂದು ತೋರಬಹುದು. ಆದರೆ 2008ರಲ್ಲಿ ಆಂಧ್ರದ ಒಂಗೋಲಿನ ಸುತ್ತ, ಚೆನ್ನೈ ಕೋಲ್ಕತ್ತಾ ಹೆದ್ದಾರಿಯಲ್ಲಿ ನಡೆದದ್ದನ್ನು ಓದಿದರೆ ಷೆರ್ವುಡ್ಡನ ಪುಟವನ್ನೇ ಮತ್ತೆ ಓದಿದಂತಾಗುತ್ತದೆ. ಸಾರಿಗೆ ಅಧಿಕಾರಿಗಳ ವೇಷದಲ್ಲಿ ನಿಂತು ಕೈತೋರಿಸಿ ಲಾರಿ ನಿಲ್ಲಿಸುವರು. ಕಾಗದಪತ್ರ ನೋಡುವ ನೆಪದಲ್ಲಿ ಡ್ರೈವರನನ್ನೂ ಕ್ಲೀನರನನ್ನೂ ಹಿಡಿದು, ಕುತ್ತಿಗೆಗೆ ನೈಲಾನು ಹಗ್ಗ ಬಿಗಿದು ಕೊಂದು, ಹೂತು, ಸರಕನ್ನೂ ಲಾರಿಯ ಬಿಡಿಭಾಗಗಳನ್ನೂ ಮಾರಿಬಿಡುವರು. ಅಪರಿಚಿತನನ್ನು ನಂಬಬೇಡವೆಂದು ಡ್ರೈವರನಿಗೆ ಹೇಳಬಹುದು. ಸರ್ಕಾರದ ಉಡುಪನ್ನು ನಂಬಬೇಡವೆಂದು ಹೇಗೆ ಹೇಳುವುದು? ಕಬ್ಬಿಣ ಹೇರಿಕೊಂಡು ಹೊರಟ ಒಂದು ಲಾರಿ ಸೇರಬೇಕಾದ ಸ್ಥಳವನ್ನು ಸೇರಲಿಲ್ಲವೆಂದು ಅದರ ಮಾಲಿಕರು ದೂರು ಕೊಟ್ಟಮೇಲೆ ಎಳೆ ಸಿಕ್ಕಿತು. 2021ರ ಮೇ ತಿಂಗಳಲ್ಲಿ ಒಂಗೋಲಿನ ನ್ಯಾಯಾಲಯ 12 ಮಂದಿಗೆ ಮರಣದಂಡನೆ ವಿಧಿಸಿತು. ಕುಣಿಕೆಯ ಹಗ್ಗ ಬದಲಾಗಿದೆ, ದಾರಿ ಡಾಂಬರಾಗಿದೆ; ಆದರೆ ಇಷ್ಟು ಹೊತ್ತಿಗೆ ಬರಬೇಕಾಗಿತ್ತು, ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬನಿಂದಲೇ ಗುಟ್ಟು ಬಯಲಾಯಿತು.

ಊರು ಎಚ್ಚರವಾಗಿದ್ದರೆ ಸಾಕೆ? ನಮ್ಮ ಬೀದರ ಜಿಲ್ಲೆಯಲ್ಲಿ 2018ರ ಜುಲೈ 13ರಂದು ಊರು ಎಚ್ಚರವಾಗಿಯೇ ಇತ್ತು. ಹೈದರಾಬಾದಿನ ಕೆಲವರು ಗೆಳೆಯನ ಊರಿಗೆಂದು ಕಾರಿನಲ್ಲಿ ಔರಾದ ತಾಲ್ಲೂಕಿಗೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ನಾಡೆಲ್ಲ ಹರಿದಾಡುತ್ತಿತ್ತು. ಜನ ಮುತ್ತಿದರು, ಇವರು ಹೆದರಿ ಕಾರು ಓಡಿಸಿದರು, ಸುದ್ದಿ ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಹಾಕಿದರು, ಕಾರು ಉರುಳಿಬಿತ್ತು, ನೂರಾರು ಜನ ಸೇರಿ ಬಡಿದರು. ಒಬ್ಬ ಎಂಜಿನಿಯರು ಸತ್ತ. ಉಳಿದವರಿಗೂ ಅವರನ್ನು ಬಿಡಿಸಲು ಹೋದ ಪೋಲೀಸಿನವರಿಗೂ ಗಾಯಗಳಾದವು. ಹಿಂದಿನ ತಳಾರಿ ಇದ್ದಿದ್ದರೆ ಏನು ಮಾಡುತ್ತಿದ್ದ? ನೀವು ಯಾರು, ಯಾರ ಮನೆಗೆ ಬಂದಿರಿ ಎಂದು ಕೇಳುತ್ತಿದ್ದ. ಆ ಮನೆಯವನನ್ನು ಕರೆಸುತ್ತಿದ್ದ. ಅಂದು ಕಾರಿನಲ್ಲಿದ್ದವರಿಗೆ ಆ ಪ್ರಶ್ನೆಗೆ ಉತ್ತರವಿತ್ತು. ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ, ಹೊಡೆಯುವುದು ಎಲ್ಲರ ಕೆಲಸವಾಗಿತ್ತು. ಊರಿನ ಕೂಗು ಬೇರೆ, ಗುಂಪಿನ ಕೂಗು ಬೇರೆ. ಊರಿನ ಕೂಗಿಗೆ ಉತ್ತರ ಹೇಳುವ ಒಬ್ಬ ಮನುಷ್ಯನಿರುತ್ತಾನೆ. ಗುಂಪಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಹಿಂದೆ ನಿಂತಿರುತ್ತಾನೆ.

ತಳಾರಿ ತೋಟಿಗಳ ಹುದ್ದೆ ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಕೊನೆಗೊಂಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ವಂಶಪಾರಂಪರ್ಯದ ಚಾಕರಿಯಿಂದ ಆ ಮನೆತನಗಳಿಗೆ ಬಿಡುಗಡೆಯಾದದ್ದು ನ್ಯಾಯವೇ. ಮರುವರ್ಷವೇ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು. ಊರಿನವರೇ ಸದಸ್ಯರು, ಅವರ ಮೇಲೊಬ್ಬ ದಳಪತಿ, ಎಲ್ಲರ ಮೇಲೆ ಪೋಲೀಸು ಇಲಾಖೆಯ ಕಣ್ಣು. ತುರ್ತಿಗೆ ಎಲ್ಲ ಕಡೆ 112, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಎಂಬ ಸಂಖ್ಯೆಗಳು ಈಗ ಉಂಟು. ಆ ಸಂಖ್ಯೆಗೆ ಫೋನು ಮಾಡಿದವನು ಮೊದಲು ಹೇಳಬೇಕಾದದ್ದು ತಾನು ಯಾವ ಊರಿನ ಹತ್ತಿರ, ಯಾವ ಕಿಲೋಮೀಟರು ಕಲ್ಲಿನ ಬಳಿ ನಿಂತಿದ್ದೇನೆಂಬುದನ್ನು.